ಮನೆ ಕೆಡವಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಮನೆ ಕೆಡವಿ ನೋಡು ಎಂದು ಅವರು ಹೇಳಲಿಲ್ಲ. ಅವರ ಕಾಲಕ್ಕೆ ಇದ್ದ ಮನೆಯನ್ನು ಕೆಡಹುವ ಪ್ರಸಂಗವೇ ಅಪರೂಪ. ಕೆಡವಿದರೂ ಅದರ ತೊಲೆ ಇನ್ನೊಂದು ಮನೆಯ ತೊಲೆಯಾಗುತ್ತಿತ್ತು. ಅದರ ಕಲ್ಲು ಇನ್ನೊಂದು ಮನೆಯ ಪಾಯಕ್ಕೆ ಸೇರುತ್ತಿತ್ತು. ಗೋಡೆಯ ಮಣ್ಣು ಹಿತ್ತಲಿಗೋ ಹೊಲಕ್ಕೋ ಹೋಗುತ್ತಿತ್ತು. ಬಿಸಾಡುವುದಕ್ಕೆ ಅಲ್ಲಿ ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಈಗ ನಮ್ಮ ಪಟ್ಟಣಗಳ ಯಾವ ಬಡಾವಣೆಯಲ್ಲಿ ಸಂಜೆ ಒಂದು ಸುತ್ತು ಹಾಕಿದರೂ ಎರಡು ನೋಟಗಳು ಕಣ್ಣಿಗೆ ಬೀಳುತ್ತವೆ. ಒಂದು ಕಡೆ ಹಳೆಯ ಮನೆ ಉರುಳುತ್ತಿದೆ. ಇನ್ನೊಂದು ಕಡೆ ಹೊಸ ಮನೆ ಏಳುತ್ತಿದೆ. ಎರಡರ ಮುಂದೆಯೂ ರಸ್ತೆಯ ಅರ್ಧವನ್ನು ಆಕ್ರಮಿಸಿ ಒಂದು ರಾಶಿ ಬಿದ್ದಿರುತ್ತದೆ. ಇಟ್ಟಿಗೆಯ ಚೂರು, ಸಾರಣೆಯ ಹಕ್ಕಳೆ, ಮುರಿದ ಪಿಂಗಾಣಿ, ಸಿಮೆಂಟಿನ ಖಾಲಿ ಚೀಲ, ತುಕ್ಕು ಹಿಡಿದ ಕಂಬಿ, ಬಣ್ಣದ ಡಬ್ಬಿ, ಎಲ್ಲವೂ ಅದರಲ್ಲಿ ಒಂದಾಗಿರುತ್ತವೆ. ನಾಲ್ಕು ದಿನದ ಮೇಲೆ ಆ ರಾಶಿ ಕಾಣೆಯಾಗುತ್ತದೆ. ಅದು ಎಲ್ಲಿಗೆ ಹೋಯಿತೆಂದು ನಾವು ಯಾರೂ ಕೇಳುವುದಿಲ್ಲ. ಈ ಲೇಖನ ಕೇಳಲು ಹೊರಟಿರುವುದು ಆ ಪ್ರಶ್ನೆಯನ್ನೇ.

ಒಂದು ಬೀದಿ, ಎರಡು ಮನೆ

ನಮ್ಮ ಬೀದಿಯಲ್ಲಿ ಒಂದೇ ವರ್ಷದಲ್ಲಿ ಎರಡು ಹಳೆಯ ಮನೆಗಳನ್ನು ಕೆಡವಿದರು. ಎರಡೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವು. ಸುಣ್ಣದ ಗಾರೆಯ ಗೋಡೆ, ಮಂಗಳೂರು ಹೆಂಚಿನ ಮಾಡು, ಹಲಸಿನ ಮರದ ಬಾಗಿಲುಗಳು. ಮೊದಲನೆಯ ಮನೆಯನ್ನು ಯಂತ್ರದ ಕೈ ಒಂದು ಬೆಳಗಿನಲ್ಲಿ ಮುಗಿಸಿಬಿಟ್ಟಿತು. ಹೆಂಚು, ಮರ, ಇಟ್ಟಿಗೆ, ಗಾಜು ಎಲ್ಲವೂ ಒಂದೇ ಗುಡ್ಡೆ. ಮನೆಯ ಯಜಮಾನರು ಅದನ್ನು ಸಾಗಿಸಲು ಲಾರಿಯವನಿಗೆ ಸುತ್ತಿಗೆ ಇಷ್ಟೆಂದು ಹಣ ತೆತ್ತರು. ಮುಂದಿನ ತಿಂಗಳು ಹೊಸ ಇಟ್ಟಿಗೆಯ ಲೋಡು ಅದೇ ಬಾಗಿಲಿಗೆ ಬಂದು ನಿಂತಿತು.

ಎರಡನೆಯ ಮನೆಯವರು ಆರು ಮಂದಿ ಕೂಲಿಯಾಳುಗಳನ್ನು ಕರೆಸಿ ಮೂರು ವಾರ ಬಿಡಿಸಿದರು. ಮೊದಲು ಹೆಂಚು ಇಳಿಯಿತು, ಆಮೇಲೆ ರೀಪು ಮತ್ತು ತೊಲೆ, ಆಮೇಲೆ ಬಾಗಿಲು ಕಿಟಕಿ, ಕೊನೆಗೆ ಮೇಲಿನಿಂದ ಕೆಳಕ್ಕೆ ಇಟ್ಟಿಗೆ. ಹೆಂಚನ್ನೂ ಮರವನ್ನೂ ಹಳೆಯ ಸಾಮಾನಿನ ವ್ಯಾಪಾರಿಯೇ ಹಣ ಕೊಟ್ಟು ಒಯ್ದ. ಇಟ್ಟಿಗೆಯಲ್ಲಿ ಗಟ್ಟಿಯಾದವು ಅವರ ಕಾಂಪೌಂಡು ಗೋಡೆಗೂ ನೀರಿನ ತೊಟ್ಟಿಗೂ ಒದಗಿದವು. ಚೂರುಗಳು ನೆಲದ ಅಡಿಯ ಭರ್ತಿಗೆ ಹೋದವು. ಹೊರಗೆ ಸಾಗಿಸಲು ಉಳಿದದ್ದು ಒಂದೆರಡು ಲಾರಿಯಷ್ಟು ಮಾತ್ರ.

ಮೂರು ವಾರದ ಕೂಲಿಯೇನು ಕಡಿಮೆಯೆ ಎಂದು ನೀವು ಕೇಳಬಹುದು. ಕಡಿಮೆಯಲ್ಲ. ಆದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಹತ್ತು ಅಡಿ ಉದ್ದ, ಹತ್ತು ಅಡಿ ಎತ್ತರ, ಒಂಬತ್ತು ಅಂಗುಲ ದಪ್ಪದ ಒಂದೇ ಒಂದು ಗೋಡೆಯನ್ನು ತೆಗೆದುಕೊಳ್ಳಿ. ಅದು 75 ಘನ ಅಡಿ. ಅದರಲ್ಲಿ ಸುಮಾರು 1000 ಇಟ್ಟಿಗೆಗಳಿರುತ್ತವೆ. ಗಾರೆಯೂ ಸೇರಿ ಅದರ ತೂಕ ಸುಮಾರು 4 ಟನ್. ಒಂದು ಸಾಧಾರಣ ಮನೆಯಲ್ಲಿ ಇಂತಹ ಗೋಡೆಗಳು ಹತ್ತೋ ಹದಿನೈದೋ ಇರುವುದುಂಟು. ಎಂದರೆ ಒಂದು ಮನೆ ಉರುಳಿದಾಗ ಗೋಡೆಗಳಿಂದಲೇ 40–60 ಟನ್ ಸಾಮಗ್ರಿ ನೆಲಕ್ಕೆ ಬೀಳುತ್ತದೆ. ಆ ಇಟ್ಟಿಗೆಗಾಗಿ ಎಂದೋ ಯಾವುದೋ ಹೊಲದ ಮೇಲ್ಮಣ್ಣನ್ನು ತೆಗೆದಿದ್ದಾರೆ, ಸೌದೆಯನ್ನು ಉರಿಸಿದ್ದಾರೆ. ಅದನ್ನು ಎಸೆದು ಹೊಸದನ್ನು ಕೊಂಡರೆ ಅಷ್ಟೂ ವೆಚ್ಚ ಮತ್ತೊಮ್ಮೆ ಆಗುತ್ತದೆ. ನಿಮ್ಮ ಜೇಬಿಗೂ ಆಗುತ್ತದೆ, ನಾಡಿನ ನೆಲಕ್ಕೂ ಆಗುತ್ತದೆ.

ಬೆರೆತರೆ ಕಸ, ಬೇರೆಯಾದರೆ ಸರಕು

ಎರಡು ಮನೆಗಳಿಂದಲೂ ಬಿದ್ದ ಸಾಮಗ್ರಿ ಒಂದೇ ಎಂಬುದನ್ನು ಗಮನಿಸಿ. ಒಂದು ಕಡೆ ಅದು ಕಸವಾಯಿತು; ಇನ್ನೊಂದು ಕಡೆ ಸರಕಾಗಿಯೇ ಉಳಿಯಿತು. ವ್ಯತ್ಯಾಸ ಒಂದೇ: ಬೆರೆಯಿತೋ ಇಲ್ಲವೋ ಎಂಬುದು. ಇಟ್ಟಿಗೆಯ ಚೂರು ತಾನಾಗಿ ಕಸವಲ್ಲ. ಗಾಜು ತಾನಾಗಿ ಕಸವಲ್ಲ. ಇಟ್ಟಿಗೆ, ಗಾಜು, ಪ್ಲಾಸ್ಟಿಕ್ಕು, ಮಣ್ಣು ನಾಲ್ಕೂ ಒಂದಾದಾಗ ಮಾತ್ರ ಅವುಗಳಲ್ಲಿ ಯಾವುದನ್ನೂ ಯಾರೂ ಮುಟ್ಟಲಾರರು. ಕಟ್ಟಡದ ಕಸದ ವಿಷಯದಲ್ಲಿ ಗೃಹಸ್ಥರು ಒಂದೇ ಒಂದು ಸೂತ್ರವನ್ನು ನೆನಪಿಡುವುದಾದರೆ ಇದನ್ನು ನೆನಪಿಟ್ಟರೆ ಸಾಕು.

ಆದುದರಿಂದ ಕೆಡಹುವ ಮೊದಲೇ ಅಂಗಳದಲ್ಲಿ ಐದು ಗುಡ್ಡೆಗಳಿಗೆ ಜಾಗ ಗೊತ್ತುಮಾಡಿರಿ. ಮೊದಲನೆಯದು ಇಟ್ಟಿಗೆ, ಕಲ್ಲು, ಗಾರೆ. ಎರಡನೆಯದು ಕಾಂಕ್ರೀಟು. ಮೂರನೆಯದು ಕಬ್ಬಿಣ. ನಾಲ್ಕನೆಯದು ಮರ ಮತ್ತು ಹೆಂಚು. ಐದನೆಯದು ಮಣ್ಣು. ಗಾಜು, ಪ್ಲಾಸ್ಟಿಕ್ಕುಗಳಿಗೆ ಬೇರೆ ಚೀಲಗಳಿರಲಿ. ತಾರಸಿಯ ಒಳಗೆ ಅಲಂಕಾರಕ್ಕೆ ಹಾಕುವ ಜಿಪ್ಸಮ್ ಹಲಗೆಗಳನ್ನು ಕಾಂಕ್ರೀಟಿನ ಹತ್ತಿರ ಸುಳಿಯಗೊಡಬೇಡಿ; ಅದರಲ್ಲಿರುವ ಗಂಧಕದ ಅಂಶ ಮುಂದೆ ಆ ಕಾಂಕ್ರೀಟನ್ನು ಮತ್ತೆ ಬಳಸಿದಾಗ ಅದನ್ನು ಒಳಗಿನಿಂದ ಕೆಡಿಸುತ್ತದೆ.

ಎಚ್ಚರದ ಮಾತು ಒಂದುಂಟು. ಹಳೆಯ ಮನೆಗಳ ಹಿತ್ತಲಿನಲ್ಲಿ ಕಲ್ನಾರಿನ ತಗಡು, ಎಂದರೆ ಆಸ್ಬೆಸ್ಟಾಸ್ ಹಾಳೆ, ಇರುವುದು ಸಾಮಾನ್ಯ. ಅದನ್ನು ಒಡೆಯಕೂಡದು, ಕುಯ್ಯಕೂಡದು. ಒಡೆದಾಗ ಏಳುವ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶವನ್ನು ಸೇರಿ, ಬಹು ವರ್ಷಗಳ ಮೇಲೆ ಮಾರಕ ರೋಗವನ್ನು ತರುತ್ತವೆ. ನೀರು ಚಿಮುಕಿಸಿ, ಮೊಳೆ ಬಿಡಿಸಿ, ಇಡಿಯಾಗಿಯೇ ಇಳಿಸಿ ಬೇರೆ ಇಡಬೇಕು. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸ ಇರುವುದರಿಂದ ಹಳೆಯ ಬಾಗಿಲನ್ನು ಒಣಗಿದ್ದಂತೆಯೇ ಉಜ್ಜಿಸುವುದೂ, ಮಕ್ಕಳನ್ನು ಅಲ್ಲಿ ಆಡಬಿಡುವುದೂ ಸಲ್ಲದು. ಆ ದೂಳನ್ನು ಮೊದಲು ಕುಡಿಯುವವರು ನಾವಲ್ಲ, ಕೆಲಸಕ್ಕೆ ಬಂದ ಆಳುಗಳು. ಅವರ ಮೂಗು ಬಾಯಿಗೆ ಮರೆ ಒದಗಿಸುವುದು ಯಜಮಾನರ ಹೊಣೆ.

ಹಳೆಯ ಗೋಡೆಯ ಗುಟ್ಟು

ಹಳೆಯ ಇಟ್ಟಿಗೆ ಇಡಿಯಾಗಿ ಬಿಡಿಸಿ ಬರುವುದಕ್ಕೆ ಕಾರಣ ಸುಣ್ಣದ ಗಾರೆ. ಸುಣ್ಣದ ಗಾರೆ ಇಟ್ಟಿಗೆಗಿಂತ ಮೃದು. ಆದ್ದರಿಂದ ಗೋಡೆ ಬಿಚ್ಚುವಾಗ ಗಾರೆ ಉದುರುತ್ತದೆ, ಇಟ್ಟಿಗೆ ಉಳಿಯುತ್ತದೆ. ಸಿಮೆಂಟನ್ನು ಧಾರಾಳವಾಗಿ ಸುರಿದ ಗಾರೆಯಾದರೆ ಇಟ್ಟಿಗೆಗಿಂತ ತಾನೇ ಗಟ್ಟಿಯಾಗುತ್ತದೆ. ಅಂತಹ ಗೋಡೆಯನ್ನು ಬಿಚ್ಚಹೋದರೆ ಇಟ್ಟಿಗೆ ಒಡೆಯುತ್ತದೆ, ಗಾರೆ ಉಳಿಯುತ್ತದೆ.

ಸುಣ್ಣದ ಗಾರೆ ಬಡವರ ಗಾರೆ, ಬಲವಿಲ್ಲದ್ದು ಎಂದು ತಿಳಿಯಬೇಡಿ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುಣ್ಣಕ್ಕೆ ಸುರ್ಕಿ, ಎಂದರೆ ಸುಟ್ಟ ಇಟ್ಟಿಗೆಯ ಪುಡಿ, ಬೆರೆಸಿದ ಗಾರೆಯಿಂದ. ಕಾವೇರಿಯನ್ನು ಅದು ಇಂದಿಗೂ ತಡೆದು ನಿಲ್ಲಿಸಿದೆ.

ಹೊಸ ಗೋಡೆ ಕಟ್ಟಿಸುವಾಗ ಮೇಸ್ತ್ರಿ ನಿಮಗೆ, "ಸ್ವಾಮಿ, ಸಿಮೆಂಟು ಜಾಸ್ತಿ ಬಿದ್ದಷ್ಟೂ ಗೋಡೆ ಗಟ್ಟಿ" ಎನ್ನಬಹುದು. ಅವನು ಪ್ರಾಮಾಣಿಕನಾಗಿಯೇ ಹೇಳುತ್ತಾನೆ. ನೀವು, "ಒಂಬತ್ತು ಅಂಗುಲದ ಗೋಡೆಗೆ ಒಂದಕ್ಕೆ ಆರು ಸಾಕಪ್ಪ, ಇಂಜಿನಿಯರು ಬರೆದುಕೊಟ್ಟಿದ್ದಾರೆ" ಎಂದು ಹೇಳಿ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಸಾಮಾನ್ಯ ಇಟ್ಟಿಗೆ ಗೋಡೆಗೆ ಸಾಕು. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳು ಸೇರಿಸಿದರೆ ಗಾರೆ ಇನ್ನೂ ನಯವಾಗಿ ಕೆಲಸಕ್ಕೆ ಒದಗುತ್ತದೆ, ಬಿರುಕೂ ಕಡಿಮೆ. ಅತಿ ಗಟ್ಟಿಯಾದ ಗಾರೆಯ ಗೋಡೆ ಸೀಳಿದರೆ ಇಟ್ಟಿಗೆಯನ್ನೇ ಸೀಳುತ್ತದೆ.

ರಾಶಿ ಹೋಗುವ ಊರು

ಈಗ ಮೊದಲಿನ ಪ್ರಶ್ನೆಗೆ ಬರೋಣ. ರಾತ್ರೋರಾತ್ರಿ ಕಾಣೆಯಾಗುವ ರಾಶಿ ಎಲ್ಲಿಗೆ ಹೋಗುತ್ತದೆ? ಲಾರಿಯವನಿಗೆ ಹತ್ತಿರದ ಹಳ್ಳವೇ ಲಾಭದ ಹಳ್ಳ. ಪಟ್ಟಣದ ಅಂಚಿನಲ್ಲಿ ಹಳ್ಳವೆಂದರೆ ಬಹುಮಟ್ಟಿಗೆ ಕೆರೆಯ ಅಂಗಳ, ಇಲ್ಲವೆ ಒಂದು ಕೆರೆಯಿಂದ ಇನ್ನೊಂದು ಕೆರೆಗೆ ನೀರು ಒಯ್ಯುವ ರಾಜಕಾಲುವೆ. ಬೆಂಗಳೂರು ಸೀಮೆಯ ಕೆರೆಗಳನ್ನು ಹಿಂದಿನವರು ಸರಪಳಿಯಂತೆ ಕಟ್ಟಿದ್ದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಆ ದಾರಿಯಲ್ಲಿ ಇಟ್ಟಿಗೆ ಚೂರು ಸುರಿದರೆ ನೀರಿನ ಗುಣವೇನೂ ಬದಲಾಗುವುದಿಲ್ಲ. ಅದು ಇಳಿಜಾರು ಇದ್ದ ಕಡೆಗೇ ಹರಿಯುತ್ತದೆ. ಆ ಇಳಿಜಾರಿನಲ್ಲಿ ಈಗ ಮನೆಗಳಿವೆ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಿಗೆ ಮಳೆಯ ನೀರು ನುಗ್ಗಿ, ಜನರನ್ನು ದೋಣಿಯಲ್ಲೂ ಟ್ರ್ಯಾಕ್ಟರಿನಲ್ಲೂ ಸಾಗಿಸಬೇಕಾಗಿ ಬಂದದ್ದನ್ನು ನೀವು ಮರೆತಿರಲಾರಿರಿ. ಅದಕ್ಕೆ ಅಸಾಧಾರಣವಾದ ಮಳೆಯೂ ಕಾರಣ, ಒತ್ತುವರಿಯೂ ಕಾರಣ, ಹೂಳು ತುಂಬಿದ ಕಾಲುವೆಗಳೂ ಕಾರಣ. ನಮ್ಮ ಮನೆಯ ಮುಂದಿನಿಂದ ಹೋದ ರಾಶಿ ಅಂತಹ ಯಾವುದಾದರೊಂದು ಕಾಲುವೆಯನ್ನು ಸೇರಿಲ್ಲ ಎಂದು ನಮ್ಮಲ್ಲಿ ಎಷ್ಟು ಮಂದಿ ಧೈರ್ಯವಾಗಿ ಹೇಳಬಲ್ಲೆವು?

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಕಟ್ಟಡದ ಕಸಕ್ಕೇ ಪ್ರತ್ಯೇಕವಾದ ಕೇಂದ್ರದ ನಿಯಮಗಳು 2016ರಲ್ಲಿ ಬಂದವು. ಕಸವನ್ನು ಉಂಟುಮಾಡಿದವನೇ ಅದನ್ನು ವಿಂಗಡಿಸಿ, ರಸ್ತೆಗೂ ಚರಂಡಿಗೂ ಅಡ್ಡಿಯಾಗದಂತೆ ಇಟ್ಟು, ಗೊತ್ತಾದ ಸ್ಥಳಕ್ಕೆ ಮುಟ್ಟಿಸಬೇಕೆಂದು ಅವು ವಿಧಿಸಿದವು. ದಿನಕ್ಕೆ 20 ಟನ್ನಿಗಿಂತ ಹೆಚ್ಚು, ಅಥವಾ ಒಂದು ಕಾಮಗಾರಿಯಿಂದ ತಿಂಗಳಿಗೆ 300 ಟನ್ನಿಗಿಂತ ಹೆಚ್ಚು ಕಸ ಮಾಡುವವರು ಕಾಂಕ್ರೀಟು, ಮಣ್ಣು, ಉಕ್ಕು–ಮರ–ಪ್ಲಾಸ್ಟಿಕ್ಕು, ಇಟ್ಟಿಗೆ–ಗಾರೆ ಎಂದು ನಾಲ್ಕಾಗಿ ಬೇರ್ಪಡಿಸಬೇಕೆಂದೂ ಹೇಳಿದವು. 2025ರಲ್ಲಿ ಇದಕ್ಕಿಂತ ಬಿಗಿಯಾದ ಹೊಸ ನಿಯಮಗಳು ಪ್ರಕಟವಾದವು. ಅವು ಜಾರಿಗೆ ಬರಲು 2026ರ ಏಪ್ರಿಲ್ 1ನ್ನು ಗೊತ್ತುಮಾಡಲಾಯಿತು. ನಾವು ಮೇಲೆ ಹೇಳಿದ ಐದು ಗುಡ್ಡೆಗಳ ಮಾತೂ ಈ ಕಾನೂನಿನ ಮಾತೂ ಬೇರೆ ಬೇರೆಯಲ್ಲ.

ಬೇರ್ಪಡಿಸಿದ ಕಾಂಕ್ರೀಟಿನಿಂದ ಏನು ಪ್ರಯೋಜನ? ಅದನ್ನು ಅರೆದು ಮತ್ತೆ ಜಲ್ಲಿ ಮಾಡಬಹುದು. ದೆಹಲಿಯ ಬುರಾರಿಯಲ್ಲಿ 2009ರಿಂದ ಅಂತಹ ಕಾರ್ಖಾನೆ ಈ ಕೆಲಸ ಮಾಡಿ, ಪಾದಚಾರಿ ಹಾದಿಯ ಬಿಲ್ಲೆಗಳನ್ನೂ ರಸ್ತೆಯಂಚಿನ ಕಲ್ಲುಗಳನ್ನೂ ತಯಾರಿಸಿ ತೋರಿಸಿತು. ನಮ್ಮ ದೇಶದ ಮಾನಕವೂ 2016ರಲ್ಲಿ ಈ ಜಲ್ಲಿಗೆ ಒಪ್ಪಿಗೆ ಕೊಟ್ಟಿತು. ಕಂಬಿಯಿಲ್ಲದ ಸಾಧಾರಣ ಕಾಂಕ್ರೀಟಿನಲ್ಲಿ ಜಲ್ಲಿಯ ಶೇಕಡ 25ರವರೆಗೆ, ಕಂಬಿ ಹಾಕಿದ ಸಾಮಾನ್ಯ ದರ್ಜೆಯ ಕಾಂಕ್ರೀಟಿನಲ್ಲಿ ಶೇಕಡ 20ರವರೆಗೆ, ಪಾಯದ ಅಡಿಯ ತೆಳು ಕಾಂಕ್ರೀಟಿನಲ್ಲಿ ಪೂರ್ತಿಯಾಗಿ ಬಳಸಬಹುದು. ಮಿತಿ ಏಕೆಂದರೆ, ಹಳೆಯ ಜಲ್ಲಿಗೆ ಅಂಟಿಕೊಂಡಿರುವ ಗಾರೆ ಹೆಚ್ಚು ನೀರನ್ನು ಹೀರುತ್ತದೆ. ಆದರೆ ಮಣ್ಣೂ ಮರವೂ ಬೆರೆತ ರಾಶಿಯಿಂದ ಇಂತಹ ಜಲ್ಲಿ ಹುಟ್ಟಲಾರದು. ಮತ್ತೆ ಅದೇ ಸೂತ್ರಕ್ಕೆ ಬಂದೆವು.

ಹೊಸ ಮನೆಯ ಕಸ ಕಾಗದದಲ್ಲೇ ಹುಟ್ಟುತ್ತದೆ

ಹಳೆಯ ಮನೆಯ ಮಾತಾಯಿತು. ಹೊಸ ಮನೆಯ ಕಸ ಎಲ್ಲಿ ಹುಟ್ಟುತ್ತದೆ? ಬಹುಪಾಲು ನಕ್ಷೆಯ ಕಾಗದದ ಮೇಲೆ. ಕಬ್ಬಿಣದ ಕಂಬಿ ಸಾಮಾನ್ಯವಾಗಿ 12 ಮೀಟರು ಉದ್ದಕ್ಕೆ ಬರುತ್ತದೆ. ನಿಮ್ಮ ನಕ್ಷೆಗೆ ಮೂರೂವರೆ ಮೀಟರಿನ ತುಂಡುಗಳು ಬೇಕಾದರೆ ಒಂದು ಕಂಬಿಯಲ್ಲಿ ಮೂರು ತುಂಡು ಆಗಿ ಒಂದೂವರೆ ಮೀಟರು ಉಳಿಯುತ್ತದೆ. ಎಂದರೆ ಕೊಂಡ ಕಂಬಿಯಲ್ಲಿ ಎಂಟನೆಯ ಒಂದು ಪಾಲು. ಆ ತುಂಡಿಗೆ ಕಿಟಕಿಯ ಮೇಲಿನ ಲಿಂಟಲಿನಲ್ಲೋ ಬೇರೆಲ್ಲೋ ಕೆಲಸ ಇದೆಯೇ ಎಂದು ಕತ್ತರಿಸುವ ಮೊದಲೇ ಪಟ್ಟಿ ಮಾಡಿದರೆ ಅದು ಮನೆಯೊಳಗೇ ಇರುತ್ತದೆ. ಇಲ್ಲವಾದರೆ ಗುಜರಿಗೆ ಹೋಗುತ್ತದೆ. ಹಾಗೆಯೇ ಗೋಡೆಯ ಉದ್ದ, ಬಾಗಿಲು ಕಿಟಕಿಗಳ ಅಗಲ ಇಟ್ಟಿಗೆಯ ಅಳತೆಗೆ ಹೊಂದಿದರೆ ಇಟ್ಟಿಗೆ ಒಡೆಯುವ ಕೆಲಸ ಕಡಿಮೆ. ಗೋಡೆ ಎದ್ದ ಮೇಲೆ, "ಇಲ್ಲೊಂದು ಕಿಟಕಿ ಇದ್ದರೆ ಚೆನ್ನಾಗಿತ್ತು" ಎಂದು ಒಡೆಸುವ ನಮ್ಮ ಅಭ್ಯಾಸವನ್ನು ಇಲ್ಲಿ ನೆನೆಯದೆ ಇರಲಾಗದು. ಮನೆಯವರೆಲ್ಲರೂ, ಮುಖ್ಯವಾಗಿ ಅಡುಗೆಮನೆಯಲ್ಲಿ ದಿನ ಕಳೆಯುವವರು, ನಕ್ಷೆಯ ಮುಂದೆ ಕುಳಿತು ಒಂದು ಸಂಜೆ ಚರ್ಚಿಸಿದರೆ ಮುಂದೆ ಒಡೆಸುವುದು ಎಷ್ಟೋ ತಪ್ಪುತ್ತದೆ.

ಇಟ್ಟಿಗೆಯನ್ನೇ ಕಡಿಮೆ ಬಳಸುವ ಉಪಾಯವೂ ಉಂಟು. ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಪ್ರಚಾರಕ್ಕೆ ತಂದ ಒಂದು ಕಟ್ಟಣೆಯಲ್ಲಿ ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಏರಿಸುತ್ತಾರೆ. ಒಂಬತ್ತು ಅಂಗುಲದ ಗೋಡೆಗೆ ಹಿಡಿಯುವ ಇಟ್ಟಿಗೆಯಲ್ಲಿ ಸುಮಾರು ಕಾಲುಭಾಗ ಉಳಿಯುತ್ತದೆ. ನಡುವಿನ ಗಾಳಿ ಬಿಸಿಲಿನ ಕಾವನ್ನು ಒಳಕ್ಕೆ ಬಿಡದೆ ತಡೆಯುತ್ತದೆ.

ತಾರಸಿಯಲ್ಲೂ ಹೀಗೆಯೇ. ಚಪ್ಪಡಿಯ ಮೇಲೆ ಭಾರ ಬಿದ್ದಾಗ ಅದರ ಮೇಲುಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಒತ್ತಡವನ್ನು ತಡೆಯುವುದು ಕಾಂಕ್ರೀಟು. ಎಳೆತವನ್ನು ತಡೆಯುವುದು ಕಂಬಿ. ಆದ್ದರಿಂದ ಕೆಳಭಾಗದಲ್ಲಿ ಕಂಬಿಗಳ ನಡುವಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಅಲ್ಲಿ ಹಳೆಯ ಮಂಗಳೂರು ಹೆಂಚುಗಳನ್ನು ಕೂರಿಸಿದರೆ ಅಷ್ಟು ಕಾಂಕ್ರೀಟು ಉಳಿಯುತ್ತದೆ, ಚಪ್ಪಡಿ ಹಗುರವಾಗುತ್ತದೆ, ಕೆಳಗಿನಿಂದ ನೋಡಲು ಚೆಂದವಾಗಿಯೂ ಇರುತ್ತದೆ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಆರಂಭಿಸಿದ ಈ ಹೆಂಚಿನ ಉದ್ಯಮದ ಸರಕು ಹೀಗೆ ಎರಡನೆಯ ಜನ್ಮವನ್ನೂ ಪಡೆಯಬಹುದು. ಆದರೆ ಇದು ಇಂಜಿನಿಯರ ಲೆಕ್ಕಾಚಾರದಿಂದಲೇ ಆಗಬೇಕಾದ ಕೆಲಸ; ಅಂದಾಜಿನಲ್ಲಿ ಮಾಡುವಂತಹುದಲ್ಲ.

ಪಾಯ ಮತ್ತು ಸಂಪು ಅಗೆದ ಮಣ್ಣನ್ನು ಹೊರಗೆ ಕಳಿಸುವ ಮೊದಲು ಮೇಲಿನ ಒಂದಡಿ ಮಣ್ಣನ್ನು ತೋಟಕ್ಕೆಂದು ಬೇರೆ ತೆಗೆದಿಡಿ. ಕೆಳಗಿನ ಮಣ್ಣು ಮರಳು ಮಿಶ್ರಿತ ಕೆಂಪು ಮಣ್ಣಾಗಿದ್ದರೆ ಅದರಿಂದಲೇ ಗೋಡೆ ಕಟ್ಟಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಕೇಂದ್ರದ ವಿಜ್ಞಾನಿಗಳು ಇಂತಹ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಂತ್ರದಿಂದ ಒತ್ತಿ, ಸುಡದೆಯೇ ಗಟ್ಟಿಯಾದ ಇಟ್ಟಿಗೆ ಮಾಡುವ ವಿಧಾನವನ್ನು ರೂಢಿಗೆ ತಂದರು. ಸಿಮೆಂಟು ನೂರಕ್ಕೆ ಐದರಿಂದ ಎಂಟು ಪಾಲು ಸಾಕು. ಎರೆಮಣ್ಣು ಇದಕ್ಕೆ ಹಾಗೆಯೇ ಒಗ್ಗುವುದಿಲ್ಲ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ.

ಚೀಲದೊಳಗಿನ ಬೆಂಕಿ

ಸಿಮೆಂಟಿನ ಬಗ್ಗೆ ಎರಡು ಮಾತು. ಕಲಬುರಗಿ ಜಿಲ್ಲೆಯ ವಾಡಿ, ಸೇಡಂಗಳ ಕಡೆಯ ಕಾರ್ಖಾನೆಗಳಲ್ಲಿ ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಸೆಂಟಿಗ್ರೇಡಿನ ಕಾವಿನಲ್ಲಿ ಬೇಯಿಸಿ ಸಿಮೆಂಟು ಮಾಡುತ್ತಾರೆ. ಬೇಯಿಸುವ ಕಲ್ಲಿದ್ದಲಿನಿಂದ ಇಂಗಾಲಾಮ್ಲ ಅನಿಲ ಬರುತ್ತದೆ. ಅದಕ್ಕಿಂತ ಹೆಚ್ಚು ಸುಣ್ಣಕಲ್ಲಿನ ಒಳಗಿನಿಂದಲೇ ಹೊರಡುತ್ತದೆ. ಭೂಮಿಯನ್ನು ಕಾಯಿಸುತ್ತಿರುವ ಈ ಅನಿಲದಲ್ಲಿ, ಮನುಷ್ಯರು ಹೊರಬಿಡುವುದರ ಪೈಕಿ ಶೇಕಡ 7–8ರಷ್ಟು ಸಿಮೆಂಟಿನ ಪಾಲು.

ಇದಕ್ಕೆ ಒಂದು ಪರಿಹಾರ ಇನ್ನೊಂದು ಕಸದಲ್ಲೇ ಇದೆ. ರಾಯಚೂರಿನಂತಹ ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳ ಹಾರುಬೂದಿಯನ್ನು, ತೋರಣಗಲ್ಲಿನಂತಹ ಉಕ್ಕಿನ ಕಾರ್ಖಾನೆಗಳ ಕಿಟ್ಟವನ್ನು ನುಣ್ಣಗೆ ಅರೆದು ಸಿಮೆಂಟಿಗೆ ಸೇರಿಸಬಹುದು. ಹಾರುಬೂದಿಯ ಸಿಮೆಂಟಿನಲ್ಲಿ ಬೂದಿ ಶೇಕಡ 35ರವರೆಗೆ, ಕಿಟ್ಟದ ಸಿಮೆಂಟಿನಲ್ಲಿ ಕಿಟ್ಟ ಶೇಕಡ 70ರವರೆಗೆ ಇರಬಹುದೆಂದು ಮಾನಕಗಳು ಒಪ್ಪಿವೆ. ಇವು ನಿಧಾನವಾಗಿ ಬಲಿಯುತ್ತವೆ. ಆದ್ದರಿಂದ ಕಡೆಯ ಪಕ್ಷ ಹತ್ತು ದಿನ ನೀರುಣಿಸಿ ಒದ್ದೆಯಾಗಿಡಬೇಕು. ಗೋಣಿಯ ತಟ್ಟು ಹೊದಿಸಿ ನೀರು ಚಿಮುಕಿಸಿದರೆ ನೀರೂ ಉಳಿಯುತ್ತದೆ. ನೀರುಣ್ಣದ ಕಾಂಕ್ರೀಟು ಬಹುಬೇಗ ಬಿರಿದು ಉದುರಿ, ಮತ್ತೊಂದು ರಾಶಿಗೆ ದಾರಿಯಾಗುತ್ತದೆ.

ಬೇಕಾದಷ್ಟೇ ಚೀಲಗಳನ್ನು ಆಗಾಗ ತರಿಸಿ. ಗೋಡೆಯಿಂದ ಒಂದಡಿ ದೂರ, ನೆಲದಿಂದ ಎತ್ತರಿಸಿದ ಹಲಗೆಯ ಮೇಲೆ ಇಡಿ. ಒಂದರ ಮೇಲೊಂದು ಹತ್ತಕ್ಕಿಂತ ಹೆಚ್ಚು ಬೇಡ. ಮೂರು ತಿಂಗಳು ಮೀರಿದ ಸಿಮೆಂಟನ್ನು ಪರೀಕ್ಷೆ ಮಾಡಿಸದೆ ಬಳಸಬೇಡಿ. ಗಾರೆಯನ್ನು ಒಂದೆರಡು ಗಂಟೆಯಲ್ಲಿ ಮುಗಿಯುವಷ್ಟೇ ಕಲಸಲಿ. ಸಂಜೆ ಬಾಂಡಲಿಯಲ್ಲಿ ಗಟ್ಟಿಯಾಗಿ ಉಳಿಯುವ ಗಾರೆ ನಿಮ್ಮ ಹಣವೇ.

ಕರಾರಿನಲ್ಲಿ ಒಂದು ಸಾಲು

ಇಷ್ಟೆಲ್ಲವನ್ನೂ ಗೃಹಸ್ಥರೇ ನಿಂತು ಮಾಡಿಸುವುದು ಸಾಧ್ಯವೆ ಎನ್ನಬಹುದು. ಎಲ್ಲವೂ ಸಾಧ್ಯವಾಗದಿದ್ದರೆ ಒಂದನ್ನಾದರೂ ಮಾಡಿ. ಕಂಟ್ರಾಕ್ಟರಿಗೆ ಕರಾರು ಬರೆದುಕೊಡುವಾಗ ಹೆಂಚು, ಮರ, ಕಬ್ಬಿಣ, ಇಟ್ಟಿಗೆಗಳನ್ನು ಬೇರೆ ಬೇರೆ ಇಡಬೇಕು. ಉಳಿದ ಕಸವನ್ನು ನಗರಪಾಲಿಕೆಯೋ ಪುರಸಭೆಯೋ ಗೊತ್ತುಮಾಡಿದ ಸ್ಥಳಕ್ಕೇ ಸಾಗಿಸಿ ರಸೀದಿ ತರಬೇಕು. ರಸೀದಿ ಬಂದ ಮೇಲೆಯೇ ಕೊನೆಯ ಕಂತು ಎಂದು ಸೇರಿಸಿ. ಸ್ಥಳ ಯಾವುದೆಂದು ಮೊದಲೇ ಕಛೇರಿಯಲ್ಲಿ ವಿಚಾರಿಸಿಕೊಳ್ಳಿ. ಅಂತಹ ಸ್ಥಳವೇ ಇಲ್ಲವೆಂದರೆ ಬರಹದಲ್ಲಿ ಕೇಳಿ. ಹತ್ತು ಮನೆಯವರು ಕೇಳಿದರೆ ಪುರಸಭೆಯೂ ಯೋಚಿಸಬೇಕಾಗುತ್ತದೆ.

ನಮ್ಮ ಬೀದಿಯ ಆ ಎರಡನೆಯ ಮನೆಯ ಕಾಂಪೌಂಡು ಗೋಡೆಗೆ ಅವರು ಸಾರಣೆ ಮಾಡಿಸಲಿಲ್ಲ. ಹತ್ತಿರ ಹೋಗಿ ನೋಡಿದರೆ ಕೆಲವು ಇಟ್ಟಿಗೆಗಳ ಅಂಚಿನಲ್ಲಿ ಹಳೆಯ ಅಡುಗೆಮನೆಯ ಹೊಗೆಯ ಕಪ್ಪು ಇನ್ನೂ ಇದೆ. ಆ ಮನೆಯ ಅಜ್ಜಿ ಸಂಜೆ ಹೊತ್ತು ಅದೇ ಗೋಡೆಗೆ ಒರಗಿ ಕುಳಿತಿರುತ್ತಾರೆ.